ಭಜನೆಯ ನೆಪದಲ್ಲಿ ಕೂಡಿದವರು

ಬರೀ ಫೋನ್ ಮಾಡುವ ಕೆಲಸ ತಾನೇ ಎಂದು ಒಪ್ಪಿಕೊಂಡಿದ್ದೆ. ಅದು ಎಂಥ ಕೆಲಸವೆಂದು ಮೊದಲ ಕರೆಯಲ್ಲೇ ಗೊತ್ತಾಯಿತು.

ಚಿಕ್ಕಂದಿನಲ್ಲಿ ನನಗೆ ರಕ್ತದ ಕ್ಯಾನ್ಸರ್ ಆಗಿತ್ತು. ಮೂರನೇ ಕ್ಲಾಸಿನಲ್ಲಿದ್ದಾಗ ಬಂತು, ಹೈಸ್ಕೂಲು ಸೇರುವ ಹೊತ್ತಿಗೆ ವಾಸಿಯಾಯಿತು. ಈಗಲೂ ವರ್ಷಕ್ಕೊಮ್ಮೆ ಮಧುಗಿರಿಯಿಂದ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರುತ್ತೇನೆ. ಆ ಆಸ್ಪತ್ರೆಯಲ್ಲಿ ನಮ್ಮಂಥವರಿಗೆಂದೇ ಒಂದು ದಿನ ಇಟ್ಟಿದ್ದಾರೆ. ಮಕ್ಕಳಾಗಿದ್ದಾಗ ಕಾಯಿಲೆ ಬಿದ್ದು, ಗುಣವಾಗಿ, ಈಗ ಸೀರೆ ಉಟ್ಟೋ ಮೀಸೆ ಬಿಟ್ಟೋ ಬರುವವರ ದಿನ. ಅಲ್ಲಿನ ಆಪ್ತಸಮಾಲೋಚಕಿ ಒಂದು ಸಲ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು, "ನಿಮ್ಮ ಕಡೆಯವರು ಕೆಲವರಿದ್ದಾರೆ. ಎಲ್ಲರೂ ಒಂದೇ ಮಾತು ಹೇಳ್ತಾರೆ, ಇದನ್ನ ಮಾತಾಡೋಕೆ ಊರಲ್ಲಿ ಯಾರೂ ಇಲ್ಲ ಅಂತ. ಅವರು ನಂಬರ್ ಕೊಡೋಕೆ ಒಪ್ಪಿದ್ದಾರೆ. ನೀವು ತಿಂಗಳಿಗೊಂದು ಸಲ ಕೂರಿಸಿ ಮಾತಾಡಿಸ್ತೀರಾ?"

ಊರಲ್ಲಿ ಯಾರೂ ಇಲ್ಲ ಎನ್ನುವುದು ನನಗೆ ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯ ಮನುಷ್ಯ. ನಮ್ಮಪ್ಪ ಎಲ್ಲವನ್ನೂ ಹೇಳಿಯೇ ಮದುವೆ ಮಾಡಿಕೊಟ್ಟಿದ್ದು. ನಮಗೆ ಮಕ್ಕಳಾಗಲಿಲ್ಲ, ಅದಕ್ಕೂ ಅವರು ಒಂದು ದಿನ ಮುಖ ಸಪ್ಪಗೆ ಮಾಡಿದವರಲ್ಲ. ಆದರೆ ನಾನು ಹಳೆಯದನ್ನು ಎತ್ತಿದರೆ ಮಾತ್ರ "ಮುಗಿದುಹೋಯ್ತಲ್ಲ, ಯಾಕೆ ಸುಮ್ನೆ" ಎಂದು ಟೀವಿ ಸದ್ದು ಜಾಸ್ತಿ ಮಾಡುತ್ತಾರೆ. ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಕೊಟ್ಟದ್ದನ್ನು ಬೆರಳು ಮಡಿಸಿ ನೆನೆಯುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು, ಮಂಡಿ ನೋವು ಇರಲಿಲ್ಲ, ಹೀಗೆ. ಮಾತಾಡಲು ಒಬ್ಬರು ಸಿಕ್ಕರು ಎಂದು ಬೆರಳು ಮಡಿಸಿದ್ದು ನೆನಪಿಲ್ಲ.

ಆಸ್ಪತ್ರೆಯಲ್ಲಿ ಒಂದು ದಿನ ಕೂರಿಸಿ ಹೇಳಿಕೊಟ್ಟರು. ಕೇಳಬೇಕು, ಬುದ್ಧಿ ಹೇಳಬಾರದು. ಔಷಧಿಯ ಮಾತು ನಮ್ಮದಲ್ಲ, ಡಾಕ್ಟರ ಕಡೆಗೆ ತಿರುಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರ ಕಾಯಿಲೆಯ ವಿಷಯ ನಮ್ಮ ಬಾಯಿಂದ ಇನ್ನೊಬ್ಬರ ಕಿವಿಗೆ ಬೀಳಬಾರದು, ಅವರ ಮನೆಯವರೇ ಆದರೂ. ಫೋನನ್ನು ಬೇರೆಯವರು ಎತ್ತಿಕೊಂಡರೆ ಆಸ್ಪತ್ರೆಯ ಹೆಸರು ತೆಗೆಯಬಾರದು.

ಮೊದಲ ಕರೆ ತೋವಿನಕೆರೆಯ ಒಬ್ಬ ಹುಡುಗಿಗೆ. ಅವಳ ಅಣ್ಣ ಎತ್ತಿಕೊಂಡ. "ಯಾರು? ಯಾಕೆ? ಯಾವೂರು?" ಎಂದು ಕೇಳಿದ. "ರಾಂಗ್ ನಂಬರ್ ಇರ್ಬೇಕು" ಎಂದು ನಾನೇ ಹೇಳಿ ಇಟ್ಟುಬಿಟ್ಟೆ. ಆ ಹುಡುಗಿಯ ದನಿ ಕೊನೆಗೂ ಕೇಳಲಿಲ್ಲ. ವೈ.ಎನ್. ಹೊಸಕೋಟೆಯವನೊಬ್ಬ ಮಾತಾಡಿದ. ಮೂಳೆ ಕ್ಯಾನ್ಸರಿನಿಂದ ಒಂದು ಕಾಲು ಹೋಗಿದೆ, ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. "ಅಕ್ಕಾ, ಅಷ್ಟು ದೂರ ಬರಾಕ್ ಆಗಲ್ಲ. ನೀವೇ ಫೋನ್ ಮಾಡ್ತಾ ಇರ್ರಿ, ಚಾಲು ನಂಗೆ" ಎಂದ. ತೆಲುಗು ಸೀಮೆಯ ಹುಡುಗ, ಸಾಕು ಎನ್ನುವುದಕ್ಕೆ ಚಾಲು ಎನ್ನುತ್ತಾನೆ.

ಬರುತ್ತೇನೆ ಎಂದವರು ಇಬ್ಬರು. ಒಬ್ಬಳು ಸಿರಾದ ಟೈಲರ್, ನನಗಿಂತ ದೊಡ್ಡವಳು, ಮೊಹಲ್ಲಾದ ಸಂದಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಕೂಸಾಗಿದ್ದಾಗ ಕಣ್ಣಿನ ಕ್ಯಾನ್ಸರ್ ಆಗಿ ಒಂದು ಕಣ್ಣು ತೆಗೆದಿದ್ದಾರೆ, ಅಲ್ಲಿ ಗಾಜಿನ ಕಣ್ಣಿದೆ. ಇನ್ನೊಬ್ಬಳು ಮಿಡಿಗೇಶಿಯ ಹುಡುಗಿ, ಮದುವೆಯಾಗಿ ವರ್ಷವಾಗಿತ್ತು. ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದವಳು. ಅವಳಿಗೂ ನನ್ನ ಹಾಗೆಯೇ ರಕ್ತದ ಕ್ಯಾನ್ಸರ್. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತವರಿನವರು ಕೈಮೇಲೆ ಕೈ ಹಾಕಿಸಿಕೊಂಡು ಕಳಿಸಿದ್ದರು, ಹೇಳಬಾರದೆಂದು.

"ಮನೇಲಿ ಏನಂತ ಹೇಳಿ ಬರ್ಲಿ ಅಕ್ಕ?" ಎಂದು ಅವಳು ಕೇಳಿದಾಗ ನನಗೆ ತೋಚಿದ್ದು ಭಜನೆ. ತಿಂಗಳ ಮೊದಲ ಶನಿವಾರ ಮಧುಗಿರಿಯ ನಮ್ಮ ಮನೆಯಲ್ಲಿ ಹೆಂಗಸರ ಭಜನೆ. ಸುಳ್ಳು ಹೇಳಿದ ಪಾಪ ತಗಲಬಾರದೆಂದು ಅವರು ಬರುವ ಮುಂಚೆ ನಾನೊಬ್ಬಳೇ ದೇವರ ಮುಂದೆ ಕುಳಿತು ಎರಡು ಹಾಡು ಹಾಡಿ ಮುಗಿಸಿಡುತ್ತಿದ್ದೆ. ಸಿರಾದವಳಿಗೆ ನೆಪ ಬೇಕಿರಲಿಲ್ಲ. ಬ್ಲೌಸಿನ ಚೀಲ ಹಿಡಿದುಕೊಂಡು ಬಂದರೆ ಮುಗಿಯಿತು.

ಮೊದಲ ಶನಿವಾರ ಬೇರೇನೂ ಮಾಡಲಿಲ್ಲ, ಬರೀ ಮಾತು. ಬೆನ್ನಿಗೆ ಚುಚ್ಚುವಾಗ ಮಂಡಿಯನ್ನು ಗದ್ದಕ್ಕೆ ತಾಗಿಸಿ ಮಲಗಿಸುತ್ತಿದ್ದದ್ದು. ಕೆಂಪು ಔಷಧಿ ಏರಿಸಿದ ದಿನ ಉಚ್ಚೆಯೂ ಕೆಂಪಗೆ ಹೋಗಿ ಹೆದರಿದ್ದು. ಮಿಡಿಗೇಶಿ ಹುಡುಗಿ "ನಾನು ರಕ್ತ ಅಂತ ಅತ್ತಿದ್ದೆ" ಎಂದಳು. ನಾನೂ ಹಾಗೆಯೇ ಅತ್ತಿದ್ದೆ. ನನ್ನ ಹಾಗೆಯೇ ಅತ್ತಿದ್ದ ಇನ್ನೊಂದು ಮಗು ಈ ತಾಲ್ಲೂಕಿನಲ್ಲೇ ಬೆಳೆದು ದೊಡ್ಡದಾಗಿದೆ ಎಂದು ಅಷ್ಟು ವರ್ಷ ಗೊತ್ತೇ ಇರಲಿಲ್ಲ.

ಸಿರಾದವಳು ಸೂಜಿಗೆ ದಾರ ಪೋಣಿಸುತ್ತ, "ನೋಡಿ, ನಿಮ್ಗೆಲ್ಲ ಎರಡು ಕಣ್ಣು ಇದ್ದೂ ತಪ್ತದೆ. ನಂದು ಒಂದೇ ಸರ್ತಿಗೆ ಹೋಗ್ತದೆ. ಯಾಕಂದ್ರೆ ಯಾವ್ದು ಮುಚ್ಬೇಕು ಅಂತ ಯೋಚ್ನೆನೇ ಇಲ್ಲ" ಎಂದಳು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಸಂಜೆ ದೀಪ ಹಚ್ಚುವಾಗ ಒಂದು ಬೆರಳು ಹೆಚ್ಚಿಗೆ ಮಡಿಸಿದೆ.

ಎಡವಟ್ಟಾಗಿದ್ದು ಆಮೇಲೆ. ಭಜನೆ ಎಂದರೆ ನಮ್ಮ ಕಡೆಯ ಅತ್ತೆಯಂದಿರು ಮನೆಯಲ್ಲಿ ಕೂರುತ್ತಾರೆಯೇ ಎಂದು ನಾನು ಯೋಚಿಸಲೇ ಇಲ್ಲ. ಮುಂದಿನ ತಿಂಗಳ ಶನಿವಾರ ಬಾಗಿಲು ತೆರೆದರೆ ಹುಡುಗಿಯ ಹಿಂದೆ ಅವಳ ಅತ್ತೆ ನಿಂತಿದ್ದರು. ಗಟ್ಟಿ ಆಳು, ಹಣೆ ತುಂಬ ಕುಂಕುಮ, ಕಂಕುಳಲ್ಲಿ ತಾಳದ ಗಂಟು.

"ಏನವ್ವ, ಭಜ್ನೆ ಅಂದ್ಳು ನಮ್ಮುಡುಗಿ. ನಾನೂ ಬಂದ್ಬುಟ್ಟೆ. ಶುರು ಮಾಡುದ್ರಾ, ಇಲ್ಲ ನಂಗೇ ಕಾಯ್ತಿದ್ರಾ?"

ಹುಡುಗಿ ನೆಲ ನೋಡುತ್ತಿದ್ದಳು. ಒಳಗೆ ಕೂತಿದ್ದ ಸಿರಾದವಳನ್ನು ನೋಡಿ ಅತ್ತೆ, "ಈಯಮ್ಮ ಸಾಬ್ರೋರಲ್ವಾ?" ಎಂದರು.

"ಹೌದಮ್ಮ, ಬ್ಲೌಸ್ ಕೊಡೋಕೆ ಬಂದೆ. ನಿಮ್ದು ದೇವ್ರಿಗೆ ಬೇಜಾರ್ ಇಲ್ಲಾಂದ್ರೆ ಇಲ್ಲೇ ಕೂತು ಹೆಮ್ಮಿಂಗ್ ಮಾಡ್ಕೊಂತೀನಿ."

"ದೇವ್ರಿಗೆ ಯಾಕವ್ವ ಬೇಜಾರು? ಕುಂತ್ಕ. ನಂದೂ ಒಂದು ರವಿಕೆ ತೋಳು ಬಿಗಿ ಐತೆ, ಬುಡಿಸ್ಕೊಡು."

ಸರಿ, ಭಜನೆ ಮಾಡಿದೆವು. ಅತ್ತೆ ಹಾಡುವುದು ಕೇಳಬೇಕು. ಕುರಿ ಹಿಂದೆ ಬೆಟ್ಟ ಸುತ್ತಿದ ಗಂಟಲು, ಬೀದಿ ತುದಿಗೆ ಕೇಳುವಂಥದ್ದು. ಪಕ್ಕದ ಮನೆಯವರು ಬಂದು ಕುಳಿತರು. ಅತ್ತೆಗೆ ಎಷ್ಟು ಹಿಡಿಸಿತೆಂದರೆ ಅದರ ಮುಂದಿನ ತಿಂಗಳು ಹುಡುಗಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಹೊರಟಿದ್ದರಂತೆ. ಒಬ್ಬರು ನೆಂಟರನ್ನೂ ಕರೆತಂದರು. ನಮ್ಮ ಗುಂಪು ನಿಜವಾಗಿಯೂ ಭಜನೆಯ ಗುಂಪಾಯಿತು. ನಾನು, ಸಿರಾದವಳು, ಮಿಡಿಗೇಶಿ ಹುಡುಗಿ ಎದುರುಬದುರು ಕುಳಿತು ತಾಳ ಹಾಕುತ್ತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಒಂದು ಮಾತಿಗೂ ಎಡೆಯಿರಲಿಲ್ಲ. ಮನೆ ತುಂಬ ಜನ, ಆದರೆ ಒಬ್ಬಳೇ ಇರುತ್ತಿದ್ದ ಶನಿವಾರಗಳಿಗಿಂತ ಹೆಚ್ಚು ಒಬ್ಬಂಟಿ ಅನ್ನಿಸುತ್ತಿತ್ತು. ಆಪ್ತಸಮಾಲೋಚಕಿ ಫೋನ್ ಮಾಡಿ "ಗುಂಪು ಹೇಗಿದೆ?" ಎಂದರೆ, "ಚೆನ್ನಾಗಿ ಹಾಡ್ತಿದೆ ಮೇಡಂ" ಎಂದೆ.

ಹಾಗೇ ನಡೆಯುತ್ತಿದ್ದಾಗ ಒಂದು ಶನಿವಾರ ಹುಡುಗಿ ಪಾನಕ ತರುವ ನೆಪದಲ್ಲಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. ಬಸುರಿಯಾಗಿ ಐದು ತಿಂಗಳು ತುಂಬಿತ್ತು. ಗ್ಯಾಸ್ ಕಟ್ಟೆ ಹಿಡಿದುಕೊಂಡು ನಿಂತಳು.

"ಅಕ್ಕ, ಬಸ್ಸಿಂದ ಇಳಿದು ಇಲ್ಲಿಗೆ ಬರೋಷ್ಟ್ರಲ್ಲಿ ಎರಡು ಕಡೆ ಕುಂತ್ಕಂಡೆ. ಮಲಿಕ್ಕಂಡ್ರೆ ಉಸ್ರು ಸಿಗಲ್ಲ. ದಿಂಬು ಒರಗ್ಕಂಡು ಕುಂತೇ ನಿದ್ದೆ ಮಾಡ್ತೀನಿ. ಅತ್ತೆ, ಬಸ್ರೀರಿಗೆ ಅಂಗೇ ಕಣೆ ಅಂತಾರೆ."

ಬಸುರಿಯರಿಗೆ ಒಂದಿಷ್ಟು ಏದುಸಿರು ಇದ್ದದ್ದೇ. ಆದರೆ ಆ ಕೆಂಪು ಔಷಧಿಯ ವಿಷಯ ನನಗೆ ಗೊತ್ತಿತ್ತು. ನಮ್ಮನ್ನು ಉಳಿಸಿದ ಅದೇ ಔಷಧಿ ಕೆಲವರಲ್ಲಿ ಎಷ್ಟೋ ವರ್ಷದ ಮೇಲೆ ಹೃದಯವನ್ನು ಸೋಲಿಸುತ್ತದೆ. ಅದಕ್ಕೇ ನನಗೂ ಆಗಾಗ ಎದೆಗೆ ಎಕೋ ಎನ್ನುವ ಸ್ಕ್ಯಾನ್ ಮಾಡಿಸುತ್ತಾರೆ. ಬಸಿರಿನಲ್ಲಿ ಹೃದಯಕ್ಕೆ ಕೆಲಸ ಜಾಸ್ತಿ. ಔಷಧಿಯ ಮಾತು ನಮ್ಮದಲ್ಲವೆಂದು ಹೇಳಿಕೊಟ್ಟಿದ್ದರಲ್ಲ, ಅವರೆಲ್ಲ ಹೋದ ಮೇಲೆ ಆಪ್ತಸಮಾಲೋಚಕಿಗೆ ಫೋನ್ ಮಾಡಿದೆ. ಅವರು ಒಳಗಿನ ಡಾಕ್ಟರನ್ನು ಕೇಳಿ ಮತ್ತೆ ಕರೆ ಮಾಡಿದರು. ತಡಮಾಡಬಾರದು. ಹೆರಿಗೆ ಡಾಕ್ಟರಿಗೆ ಹಳೆಯ ಕಾಯಿಲೆಯ ವಿಷಯ ತಿಳಿಯಲೇಬೇಕು, ಎಕೋ ಆಗಲೇಬೇಕು. ಇಲ್ಲವಾದರೆ ತಾಯಿ ಮಗು ಇಬ್ಬರಿಗೂ ಅಪಾಯ.

ಹುಡುಗಿಗೆ ಹೇಳಿದರೆ ಅತ್ತುಬಿಟ್ಟಳು. "ಡಾಕ್ಟ್ರ ರೂಮಿಗೂ ಅತ್ತೆ ಜೊತೇಲೇ ಬರ್ತಾರೆ ಅಕ್ಕ. ಅವ್ರ ಮುಂದೆ ಹೆಂಗೆ ಹೇಳ್ಲಿ? ತವರಿಗೆ ಕಳಿಸ್ಬುಡ್ತಾರೆ. ನೀವು ಹೇಳ್ಬ್ಯಾಡಿ, ನಮ್ಮಪ್ಪನಾಣೆ."

ಹೇಳುವ ಹಾಗೂ ಇಲ್ಲ, ಹೇಳದೆ ಇರುವ ಹಾಗೂ ಇಲ್ಲ. ಹುಡುಗಿಯನ್ನು ಒಪ್ಪಿಸಿ ಸಿರಾದವಳಿಗೆ ಫೋನ್ ಮಾಡಿದೆ. ಅವಳು ಮಿಷನ್ ತುಳಿಯುವುದನ್ನು ನಿಲ್ಲಿಸಿ, "ಅತ್ತೆ ರೂಮಿಂದ ಆಚೆ ಇದ್ರೆ ಆಯ್ತಲ್ಲ? ಅವ್ರಿಗೆ ಹಾಡು ಅಂದ್ರೆ ಜಾನ್, ಪ್ರಾಣ. ಹಾಡ್ಸು" ಎಂದಳು.

ಮಧುಗಿರಿ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ನೋಡುವ ದಿನ ನಾನೂ ಹೋದೆ, ಬಿಪಿ ಮಾತ್ರೆಗೆ ಬಂದವಳಂತೆ. ಬೆಂಚಿನ ತುಂಬ ಹೆಂಗಸರು, ಗೋಡೆಗೊರಗಿ ನಿಂತವರು ಬೇರೆ. ಹುಡುಗಿಯ ಸರದಿ ಹತ್ತಿರ ಬಂದಾಗ ಅತ್ತೆಯ ಪಕ್ಕ ಕುಳಿತು, "ಅಮ್ಮ, ಹೋದ ವಾರ ಮಾರಮ್ಮನ ಮೇಲೆ ಒಂದು ಹೇಳಿದ್ರಲ್ಲ, ಎರಡನೇ ಸಾಲು ನನಗೆ ನಿಲ್ತಾನೇ ಇಲ್ಲ" ಎಂದೆ.

"ಇಲ್ಲೇನವ್ವ?"

"ಮೆತ್ತಗೆ ಹೇಳಿ, ಯಾರಿಗೆ ಕೇಳುತ್ತೆ."

ಮೆತ್ತಗೆ ಎನ್ನುವುದು ಆ ಗಂಟಲಿಗೆ ಗೊತ್ತಿಲ್ಲ. ಅವರು ಶುರು ಮಾಡಿದರು. ಹುಡುಗಿಯ ಹೆಸರು ಕೂಗಿದರು, ಅವಳು ಒಬ್ಬಳೇ ಒಳಗೆ ಹೋದಳು. ಬೆಂಚಿನ ಹೆಂಗಸರಲ್ಲಿ ಇಬ್ಬರು ದನಿಗೂಡಿಸಿದರು. ನರ್ಸ್ ಬಾಗಿಲಲ್ಲಿ ತಲೆ ಹಾಕಿ, "ಯಾರಮ್ಮ ಅದು? ಆಸ್ಪತ್ರೆ ಅನ್ಕೊಂಡಿದ್ದೀರೋ ಗುಡಿ ಅನ್ಕೊಂಡಿದ್ದೀರೋ" ಎಂದರು. ಅತ್ತೆ, "ಗುಡಿಗಿಂತ ಇಲ್ಲೇ ದೇವ್ರು ಬೇಕಾಗಿರೋದು ಕಣಮ್ಮ" ಎಂದು ಮುಂದಿನ ಸಾಲು ಎತ್ತಿಕೊಂಡರು. ಒಳಗೆ ಹುಡುಗಿ ಹೇಳಲಿ, ಹೇಳಲಿ ಎಂದು ನಾನು ಪ್ರತಿ ಸಾಲಿಗೂ ಬೇಡಿಕೊಳ್ಳುತ್ತಿದ್ದೆ.

ಹುಡುಗಿ ಹೊರಗೆ ಬಂದಳು. ಕೈಯಲ್ಲಿ ಕಬ್ಬಿಣದ ಮಾತ್ರೆಯ ಚೀಟಿ. ಮುಖ ನೋಡಿದ ಕೂಡಲೇ ತಿಳಿಯಿತು. ಹೇಳಿಲ್ಲ. ಅತ್ತೆ ಚೀಲ ಎತ್ತಿಕೊಳ್ಳುವಾಗ ಹುಡುಗಿ ನನ್ನ ಕಿವಿಯ ಹತ್ತಿರ ಬಂದು, "ಇನ್ನಿಬ್ರು ಒಳಗೇ ನಿಂತಿದ್ರು ಅಕ್ಕ. ಬಾಯೇ ಬರ್ಲಿಲ್ಲ" ಎಂದಳು. ಒಬ್ಬರು ಮಂಚದ ಮೇಲಿದ್ದರೆ ಇಬ್ಬರು ಸಾಲಿನಲ್ಲಿ ನಿಂತಿರುತ್ತಾರೆ ಎನ್ನುವುದು ನನಗೆ ಹೊಳೆದಿರಲಿಲ್ಲ.

ಅವರಿಬ್ಬರೂ ನಡೆದೇಬಿಟ್ಟರು. ಮುಂದಿನ ತಪಾಸಣೆ ಇನ್ನೊಂದು ತಿಂಗಳಿಗೆ. ಗೇಟಿನ ಹತ್ತಿರದ ಹೊಂಗೆ ಮರದ ಕಟ್ಟೆಗೆ ಬರುವಷ್ಟರಲ್ಲಿ ಹುಡುಗಿ ಏದುಸಿರು ಬಿಡುತ್ತ ಕುಳಿತುಬಿಟ್ಟಳು. ನಾನು ಹಿಂದೆಯೇ ಹೋದೆ. ಅವಳ ಮಾತನ್ನು ನಾನು ಆಡುವ ಹಾಗಿರಲಿಲ್ಲ. ಆದರೆ ನನ್ನದು ನನ್ನದೇ. ನಮ್ಮ ಯಜಮಾನರು, ತವರಿನವರು, ಆಸ್ಪತ್ರೆಯವರು, ಈ ಗುಂಪಿನವರನ್ನು ಬಿಟ್ಟು ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಹೇಳಿದರೆ ನಾಳೆ ಬೀದಿಯಲ್ಲಿ ಹೇಗೆ ನೋಡುತ್ತಾರೋ, ನಮ್ಮ ಮನೆಯಲ್ಲಿ ನೀರು ಮುಟ್ಟುತ್ತಾರೋ ಇಲ್ಲವೋ ಗೊತ್ತಿರಲಿಲ್ಲ.

"ಅಮ್ಮ, ಒಂದು ನಿಮಿಷ ಕೂತ್ಕೊಳ್ಳಿ. ನನ್ನದೊಂದು ವಿಷಯ ಹೇಳಬೇಕು."

"ಹೇಳವ್ವ."

"ನನಗೆ ಚಿಕ್ಕ ವಯಸ್ಸಲ್ಲಿ ಕ್ಯಾನ್ಸರ್ ಆಗಿತ್ತು. ರಕ್ತದ್ದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಗ?"

"ಈಗ ಇಲ್ಲ. ವಾಸಿ ಆಯ್ತು. ಆದರೆ ಆಗ ಕೊಟ್ಟ ಔಷಧಿಯಿಂದ ಕೆಲವರಿಗೆ ಹೃದಯ ಸೋಲುತ್ತೆ. ಅದಕ್ಕೇ ನನಗೆ ಆಗಾಗ ಎದೆ ಸ್ಕ್ಯಾನ್ ಮಾಡ್ತಾರೆ. ನನಗೆ ಮಕ್ಕಳಾಗಲಿಲ್ಲ. ಆಗಿದ್ದಿದ್ರೆ, ಬಸುರಿ ಅಂತ ಗೊತ್ತಾದ ದಿನವೇ ಡಾಕ್ಟರಿಗೆ ಇದನ್ನ ಹೇಳಬೇಕಿತ್ತು. ಹೇಳದಿದ್ರೆ ಜೀವಕ್ಕೇ ಬರುತ್ತೆ."

"ವಾಸಿ ಆಗಿರೋರ್ಗೂ ಬತ್ತದಾ?"

"ಬರಬಹುದು, ಬರದೆಯೂ ಇರಬಹುದು. ನೋಡಿಸ್ಕೊಂಡ್ರೆ ಗೊತ್ತಾಗುತ್ತೆ. ಗೊತ್ತಾದ್ರೆ ಔಷಧಿ ಇದೆ."

ಅತ್ತೆ ಚೀಲ ಕಟ್ಟೆಯ ಮೇಲಿಟ್ಟು ಕುಳಿತರು. ಇದನ್ನು ಇವಳು ನನಗೆ ಯಾಕೆ ಹೇಳುತ್ತಿದ್ದಾಳೆ ಎಂದು ಅವರು ಕೇಳಿಬಿಟ್ಟಾರೆಂದು ಹೆದರಿದೆ. ಅವರು ಕೇಳಲಿಲ್ಲ. ಕೇಳುವ ಮುಂಚೆ ಕಟ್ಟೆಯ ಮೇಲಿಂದ ಹುಡುಗಿಯ ದನಿ ಬಂತು.

"ಅತ್ತೆ, ನಂಗೂ ಆಗಿತ್ತು."

ಬೈಗುಳ ಬರುತ್ತದೆಂದು ನಾನು ಸೆರಗು ಬಿಗಿಹಿಡಿದು ನಿಂತೆ. ಅತ್ತೆ ಎದ್ದರು. ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿದರು. ಗೇಟಿನ ಕಡೆಗೆ ಹೋಗುತ್ತಾರೆ ಎಂದುಕೊಂಡೆ. ಆಸ್ಪತ್ರೆಯ ಒಳಕ್ಕೆ ತಿರುಗಿದರು. ಸಾಲಿನಲ್ಲಿದ್ದವರು "ಏನಮ್ಮ, ನಾವೇನು ಕಣ್ಣಿಗೆ ಕಾಣಲ್ವಾ" ಎಂದು ಗದರಿದರೂ ನಿಲ್ಲಲಿಲ್ಲ. ಡಾಕ್ಟರ ಬಾಗಿಲು ತಳ್ಳಿ, "ಡಾಕ್ಟ್ರಮ್ಮ, ಇವ್ಳು ನಿಮ್ಗೊಂದು ಮಾತು ಹೇಳೋದು ಮರ್ತವ್ಳೆ. ಉಳ್ದೋರ್ನೆಲ್ಲ ಒಸಿ ಆಚೆಗೆ ಕಳ್ಸಿ" ಎಂದರು. ಒಳಗಿದ್ದ ಇಬ್ಬರು ಹೊರಗೆ ಬಂದರು. ಬಾಗಿಲು ಮುಚ್ಚಿಕೊಂಡಿತು. ನಾನು ಕಾರಿಡಾರಿನಲ್ಲಿ ಅವರ ಚೀಲ ಹಿಡಿದು ನಿಂತಿದ್ದೆ.

ಅವರು ಹೊರಗೆ ಬಂದಾಗ ಡಾಕ್ಟರು ತುಮಕೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದರು, ಅದೇ ದಿನ ಹೋಗಬೇಕೆಂದು. ಅತ್ತೆ ಚೀಲ ಇಸಿದುಕೊಂಡರು. ಮುಖ ಕೊಟ್ಟು ಮಾತಾಡಲಿಲ್ಲ.

"ಇನ್ಮ್ಯಾಕೆ ಇವ್ಳಿಗೆ ಫೋನ್ ಮಾಡ್ಬ್ಯಾಡ ಕಣಮ್ಮ. ಮನೇಲಿ ಗಂಡುಸ್ರಿಗೆ ಗೊತ್ತಾಗದು ಬ್ಯಾಡ. ಭಜ್ನೆಗೂ ಕಳ್ಸಕಿಲ್ಲ. ಊರಲ್ಲಿ ಒಬ್ರು ಬಾಯಿಗೆ ಬಿದ್ರೆ ಮುಗೀತು. ನಾನು ನೋಡ್ಕತೀನಿ, ನೀನು ಮಾತು ಕೊಡು."

ಕೊಟ್ಟೆ. ಹುಡುಗಿ ಬಸ್ ಹತ್ತುವಾಗ ಒಂದು ಸಲ ತಿರುಗಿದಳು. ಕೈಯೆತ್ತಲಿಲ್ಲ.

ಆಮೇಲಿನ ಶನಿವಾರಗಳು ಹೇಗೆ ಕಳೆದವೆಂದು ಬರೆಯುವಷ್ಟೇನೂ ಇಲ್ಲ. ನೆಂಟರು ಬರುವುದು ನಿಂತಿತು. ಪಕ್ಕದ ಮನೆಯವರು ಅತ್ತೆಯ ಹಾಡು ಕೇಳಲು ಬರುತ್ತಿದ್ದವರು, ಅವರೂ ನಿಂತರು. ನಾನು ಹೇಳಿದ್ದು ಊರಿಗೆ ಹರಡಿತೋ ಎಂದು ಕೆಲವು ದಿನ ಅಂಜಿದೆ. ಹರಡಲಿಲ್ಲ. ಆಪ್ತಸಮಾಲೋಚಕಿಗೆ ನಡೆದದ್ದನ್ನೆಲ್ಲ ಹೇಳಿದೆ. ಹುಡುಗಿ ಅವರ ಫೋನನ್ನೂ ಎತ್ತುತ್ತಿರಲಿಲ್ಲ. "ನೀವು ನಿಮ್ಮದನ್ನ ಮಾತ್ರ ಹೇಳಿದ್ದು, ಸರಿಯಾಗೇ ಇದೆ" ಎಂದರು. ಸರಿ ಇರಬಹುದು. ಅವಳ ಎದೆಯಲ್ಲಿ ಏನು ಕಂಡಿತು, ಬದುಕಿದ್ದಾಳೋ ಇಲ್ಲವೋ ಎನ್ನುವುದೇ ಗೊತ್ತಿಲ್ಲದೆ ದೀಪದ ಮುಂದೆ ಕೂತರೆ ಯಾವ ಬೆರಳು ಮಡಿಸಬೇಕೆಂದು ತೋಚುತ್ತಿರಲಿಲ್ಲ. ಫೋನಿನಲ್ಲಿ ಅವಳ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ತೆಗೆದದ್ದು ಎಷ್ಟು ಸಲವೋ.

ಸಿರಾದವಳು ಮಾತ್ರ ತಪ್ಪದೆ ಬರುತ್ತಿದ್ದಳು. ಒಂದು ಶನಿವಾರ ನನ್ನ ಕೈಯಿಂದ ಫೋನ್ ಕಿತ್ತು ಬ್ಲೌಸುಗಳ ಕೆಳಗೆ ಇಟ್ಟಳು. "ವಾದಾ ಮಾಡಿದ್ದೀಯ, ಮಾತು ಕೊಟ್ಟಿದ್ದೀಯ, ಸುಮ್ನೆ ಇರು. ಆ ಅಮ್ಮ ಸಾಲು ತಳ್ಕೊಂಡು ಒಳಗೆ ನುಗ್ಗಿದ್ರು ಅಂತ ನೀನೇ ಹೇಳ್ದೆ. ಅಂಥೋರು ಬಿಟ್ಟುಬಿಡ್ತಾರಾ?" ಹೆಸರು, ಊರು ಹೇಳದೆ ಸಂಕಟ ತೋಡಿಕೊಂಡಿದ್ದಕ್ಕೆ ಹೊಸಕೋಟೆಯವನು ಫೋನಿನಲ್ಲಿ, "ಅಕ್ಕಾ, ಸುದ್ದಿ ಇಲ್ಲ ಅಂದ್ರೆ ಒಳ್ಳೇದೇ ಇರ್ತೈತೆ ಬುಡಿ" ಎಂದ. ಅವನಿಗೂ ನಂಬಿಕೆಯಿರಲಿಲ್ಲ, ದನಿಯಲ್ಲೇ ಗೊತ್ತಾಗುತ್ತಿತ್ತು.

ಮಾವಿನಕಾಯಿ ಬರುವ ಕಾಲಕ್ಕೆ ಒಂದು ಶನಿವಾರ ಬಾಗಿಲು ಬಡಿದ ಸದ್ದಾಯಿತು. ಅತ್ತೆ. ಒಬ್ಬರೇ. ಏನೂ ಆಗಿಲ್ಲವೆಂಬಂತೆ ಒಳಗೆ ಬಂದು, ಗೋಡೆಗೊರಗಿ ಕುಳಿತು, ತಾಳ ಬಿಚ್ಚಿದರು. ನಾನು ಕೇಳುವ ಹಾಗಿಲ್ಲ, ಮಾತು ಕೊಟ್ಟಿದ್ದೆ. ಅವರು ಹೇಳುವ ಹಾಗಿಲ್ಲ, ಮನೆಯ ಮಾತು. ಸಿರಾದವಳು ಒಂದು ಸಲ ನನ್ನನ್ನು, ಒಂದು ಸಲ ಅವರನ್ನು ನೋಡಿ ತಲೆ ಬಗ್ಗಿಸಿ ಹೊಲಿಗೆ ಹಾಕುತ್ತ ಕುಳಿತಳು. ಅತ್ತೆ ಹಾಡಿದರು. ಗಂಟಲು ಅಷ್ಟೇ ಗಟ್ಟಿ. ನಾನು ಅವರ ಸೀರೆ, ಬಳೆ, ಕುಂಕುಮ ಎಲ್ಲವನ್ನೂ ನೋಡಿದೆ, ಎಲ್ಲಾದರೂ ಸುದ್ದಿ ಕಾಣುತ್ತದೋ ಎಂದು. ಕಾಣಲಿಲ್ಲ. ಮಂಗಳಾರತಿ ಆಯಿತು. ಕಾಫಿ ಕೊಟ್ಟೆ, ಲೋಟ ಕಚ್ಚಿಕೊಂಡೇ ಕುಡಿದರು.

ಹೊರಡುವಾಗ ಚಪ್ಪಲಿ ಮೆಟ್ಟಿ, ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಕೈಗಿಟ್ಟರು.

"ಮನೇಲಿ ಮಾಡಿದ್ದೆ. ಒಸಿ ಮಿಕ್ತು. ಡಬ್ಬಿ ಬರೋ ತಿಂಗ್ಳು ಇಸ್ಕತೀನಿ."

ಅಷ್ಟೇ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೋದರು.

ಮುಚ್ಚಳ ತೆಗೆದೆ. ಶುಂಠಿ, ಮೆಣಸು, ಬೆಲ್ಲ, ತುಪ್ಪದ ಘಾಟು ಮೂಗಿಗೆ ಬಡಿಯಿತು. ಖಾರದುಂಡೆ. ನಮ್ಮ ಕಡೆ ಅದನ್ನು ಹಬ್ಬಕ್ಕೆ ಮಾಡುವುದಿಲ್ಲ, ನೆಂಟರು ಬಂದರೂ ಮಾಡುವುದಿಲ್ಲ. ಮನೆಯಲ್ಲಿ ಹಸಿ ಬಾಣಂತಿ ಇದ್ದರೆ, ಅವಳು ಎದ್ದು ಕುಳಿತು ತಿನ್ನುವಂತಿದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ ಮಾತ್ರ ಮಾಡುವುದು.

ಸಿರಾದವಳಿಗೂ ಗೊತ್ತಾಯಿತು. ಅವರ ಮನೆಗಳಲ್ಲೂ ಬಾಣಂತಿಗೆ ಮಾಡುತ್ತಾರಂತೆ, ಹೆಸರು ಬೇರೆ. ಒಂದು ಉಂಡೆ ಮುರಿದು ಅರ್ಧ ಅವಳ ಕೈಗಿಟ್ಟೆ, ಅರ್ಧ ನಾನು ಬಾಯಿಗೆ ಹಾಕಿಕೊಂಡೆ. ಖಾರಕ್ಕೆ ಇಬ್ಬರ ಮೂಗಲ್ಲೂ ನೀರು ಇಳಿಯಿತು.

"ಗಂಡೋ ಹೆಣ್ಣೋ?" ಎಂದಳು ಅವಳು.

"ಗೊತ್ತಿಲ್ಲ" ಎಂದೆ.